ಗಂಟು ಬಿಚ್ಚುವ ಬಿಚ್ಚಪ್ಪ

ನಾನು ಒಂದು ಪ್ರೋಗ್ರಾಂ. ನನಗೆ ಮೈಯಿಲ್ಲ, ಬಣ್ಣವಿಲ್ಲ, ಒತ್ತಲು ಒಂದು ಗುಂಡಿಯೂ ಇಲ್ಲ. ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದು ಎಂಟರ್ ಒತ್ತಿದರೆ ಎದ್ದು ಬರುತ್ತೇನೆ. ಹೇಳಿದ ಕೆಲಸ ಮಾಡುತ್ತೇನೆ, ಮತ್ತೆ ಮಲಗುತ್ತೇನೆ. ಫೋನಿನ ಮೇಲೆ ಬೆರಳಾಡಿಸಿಯೇ ಬೆಳೆದವರಿಗೆ ನನ್ನಂಥವನೊಬ್ಬ ಇದ್ದಾನೆಂದು ಗೊತ್ತಿರುವುದಿಲ್ಲ. ಇರಲಿ, ಅದಕ್ಕೆ ನನಗೆ ಬೇಸರವಿಲ್ಲ. ನಾನಾಗಿ ಹೋಗಿ ಯಾರ ಬಾಗಿಲನ್ನೂ ತಟ್ಟಿದವನಲ್ಲ.

ಹೆಸರು ಬಿಚ್ಚಪ್ಪ. ನಗುವವರು ನಕ್ಕು ಮುಗಿಸಲಿ, ನಾನು ಕಾಯುತ್ತೇನೆ. ನನ್ನ ಕೆಲಸ ಗಂಟು ಬಿಚ್ಚುವುದು. ಕಂಪ್ಯೂಟರುಗಳಲ್ಲೂ ಬೇರೆ ಬೇರೆ ಮನೆತನಗಳಿವೆ, ಒಂದರ ಪದ್ಧತಿ ಇನ್ನೊಂದಕ್ಕೆ ಆಗಿಬರುವುದಿಲ್ಲ. ಒಂದು ಮನೆತನದ ಯಂತ್ರ ತನ್ನ ಫೈಲುಗಳನ್ನೆಲ್ಲ ಒತ್ತಿ, ಮಡಚಿ, ಒಂದೇ ಗಂಟಾಗಿ ಕಟ್ಟಿಟ್ಟರೆ ಇನ್ನೊಂದು ಮನೆತನದ ಯಂತ್ರ ಅದನ್ನು ಮಿಕಮಿಕ ನೋಡುತ್ತಾ ಕೂರುತ್ತದೆ. ಆಗ ನನ್ನನ್ನು ಕರೆಯುತ್ತಾರೆ. ನಾನು ಹೋಗಿ ಗಂಟು ಬಿಚ್ಚಿ, ಒಳಗಿದ್ದದ್ದನ್ನು ಒಂದೊಂದಾಗಿ ಹೊರಗೆ ಜೋಡಿಸಿಟ್ಟು ಬರುತ್ತೇನೆ.

ನಾನು ಹುಟ್ಟಿದ್ದು ಧಾರವಾಡದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ, ತೊಂಬತ್ತರ ದಶಕದ ನಡುವಿನಲ್ಲಿ. ನನ್ನನ್ನು ಬರೆದವಳು ನೀಲಗಂಗಾ ಮುಳಗುಂದ, ಅಲ್ಲಿ ಗಣಿತ ಕಲಿಸುತ್ತಿದ್ದ ಅಧ್ಯಾಪಕಿ. ಆದರೆ ನಾನು ಹುಟ್ಟಲು ಕಾರಣಳಾದವಳು ಇನ್ನೊಬ್ಬಳು. ಅವಳು ಅಂಬಕ್ಕ ಬೆಟಗೇರಿ, ಅದೇ ಕಾಲೇಜಿನ ಹೊಲಿಗೆ ವಿಭಾಗದಲ್ಲಿ ಕಸೂತಿ ಕಲಿಸುತ್ತಿದ್ದವಳು. ಇಬ್ಬರೂ ಜೀವದ ಗೆಳತಿಯರು, ಹೀಗಾಗಿ ದಿನಾ ಜಗಳಾಡುತ್ತಿದ್ದರು.

ಹೊರದೇಶದಿಂದ ಬಂದ ಅತಿಥಿಯೊಬ್ಬರು ಆ ಕಾಲೇಜಿಗೆ ಒಂದು ಬಿಳಿ ಕಂಪ್ಯೂಟರ್ ಕೊಟ್ಟುಹೋಗಿದ್ದರು. ಊರಿನ ಬೇರೆ ಯಾವ ಕಂಪ್ಯೂಟರಿನ ಜೊತೆಗೂ ಅದಕ್ಕೆ ಹೊಂದಾಣಿಕೆ ಇರಲಿಲ್ಲ. ಎಲ್ಲರೂ ಅದಕ್ಕೆ ಕುಂಕುಮ ಹಚ್ಚಿ, ಹೂವೇರಿಸಿ, ದೂರ ನಿಂತಿದ್ದಾಗ ಹತ್ತಿರ ಹೋಗಿ ಕೂತವಳು ಅಂಬಕ್ಕ. ಚೌಕಳಿ ಹಾಳೆಯ ಮೇಲೆ ಚುಕ್ಕಿ ಇಡುತ್ತಾ ಚಿತ್ರ ಬರೆಯುವ ಅನುಕೂಲ ಅದರಲ್ಲಿತ್ತು. ಕಸೂತಿಗೆ ಬೇಕಾದದ್ದೂ ಅದೇ. ಕಸೂತಿ ಹಾಕುವವರು ಬಟ್ಟೆಯ ಮೇಲೆ ಮೊದಲು ಗೆರೆ ಎಳೆದುಕೊಳ್ಳುವುದಿಲ್ಲ. ಸೀರೆಯ ಎಳೆಗಳನ್ನು ಎಣಿಸಿಯೇ ಆನೆ, ನವಿಲು, ಗೋಪುರ, ತುಳಸಿಕಟ್ಟೆಗಳನ್ನು ಎಬ್ಬಿಸಬೇಕು. ಅಂಬಕ್ಕ ತನ್ನ ಅತ್ತೆಯಿಂದ ಕಲಿತ ಮತ್ತು ಗುರುತಿನವರ ಮನೆಯ ಹಳೇ ಇಳಕಲ್ ಸೆರಗುಗಳಿಂದ ಎಣಿಸಿ ತಂದ ನಲವತ್ತು ಚಿತ್ರಗಳನ್ನು ಆ ಬಿಳಿ ಯಂತ್ರದಲ್ಲಿ ಚುಕ್ಕಿ ಚುಕ್ಕಿಯಾಗಿ ಇಟ್ಟಳು. ಎಷ್ಟೋ ಚಿತ್ರಗಳ ಮೂಲ ಸೀರೆಗಳು ಅಷ್ಟರಲ್ಲೇ ಹರಿದುಹೋಗಿದ್ದವು.

ಕೆಲವು ವರ್ಷಗಳಾದ ಮೇಲೆ ಬಿಳಿ ಯಂತ್ರಕ್ಕೆ ಕಾಯಿಲೆ ಹಿಡಿಯಿತು. ಪರದೆ ನಡುಗತೊಡಗಿತು. ಒಮ್ಮೊಮ್ಮೆ ಅರ್ಧ ಚಿತ್ರ ತೋರಿಸಿ ಅರ್ಧ ನುಂಗುತ್ತಿತ್ತು. ಅದನ್ನು ರಿಪೇರಿ ಮಾಡುವವರು ಹುಬ್ಬಳ್ಳಿಯಲ್ಲೂ ಇರಲಿಲ್ಲ.

"ಇದು ಸಾಯೂದ್ರೊಳಗ ನಿನ್ನ ಆನಿ, ನವಿಲು ಎಲ್ಲಾ ಹೊರಗ ತಗೀಬೇಕು," ಎಂದಳು ನೀಲಗಂಗಾ. ಚಿತ್ರಗಳನ್ನೆಲ್ಲ ಒಂದು ಗಂಟು ಕಟ್ಟಿ, ಫ್ಲಾಪಿಗೆ ಹಾಕಿ, ಲ್ಯಾಬಿನಲ್ಲಿದ್ದ ಸಾದಾ ಕಂಪ್ಯೂಟರಿಗೆ ತಂದಳು. ಸಾದಾ ಕಂಪ್ಯೂಟರ್ ಕೈ ಎತ್ತಿಬಿಟ್ಟಿತು. ಬಿಳಿ ಯಂತ್ರವೂ ಅದೇ ವಾರ ಕಣ್ಣು ಮುಚ್ಚಿತು.

"ಗಂಟ್ ಕಟ್ಟಾಕ ಬರತೈತಿ, ಬಿಚ್ಚಾಕ ಬರೂದಿಲ್ಲ. ಎಂಥಾ ಗಣಿತ ಕಲತೀಯವಾ ನೀ?" ಎಂದು ಅಂಬಕ್ಕ ಛೇಡಿಸಿದಳು. ಮಾತು ತಮಾಷೆಯದಾದರೂ ಅವಳ ಮುಖ ಸಣ್ಣದಾಗಿತ್ತು ಎಂದು ಆಮೇಲೆ ನೀಲಗಂಗಾ ಯಾರಿಗೋ ಹೇಳಿದ್ದನ್ನು ನಾನು ಕೇಳಿದ್ದೇನೆ. ನನಗೆ ಕಿವಿ ಎಲ್ಲಿಂದ ಬಂತು ಎಂದು ಕೇಳಬೇಡಿ. ಆತ್ಮಕಥೆ ಬರೆಯುವ ಲೋಟ, ಕುರ್ಚಿ, ಕೊಡೆಗಳಿಗೆಲ್ಲ ಕಿವಿ ಇರುವಾಗ ನನಗೊಬ್ಬನಿಗೇ ಯಾಕೆ ಲೆಕ್ಕ ಕೇಳುತ್ತೀರಿ?

ಹೀಗೆ ಗೆಳತಿಯ ನಲವತ್ತು ಚಿತ್ರಗಳನ್ನು ಉಳಿಸುವುದಕ್ಕೆಂದೇ ನೀಲಗಂಗಾ ನನ್ನನ್ನು ಬರೆಯಲು ಕೂತಳು. ಶನಿವಾರ ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ, ಲ್ಯಾಬಿನ ಫ್ಯಾನಿನ ಕೆಳಗೆ, ಚುರುಮುರಿ ತಿನ್ನುತ್ತಾ ಬರೆಯುತ್ತಿದ್ದಳು. ಬಿಳಿ ಯಂತ್ರದ ಮನೆತನಕ್ಕೆ ಒಂದು ವಿಚಿತ್ರ ಪದ್ಧತಿ ಇತ್ತು. ಅದರ ಪ್ರತಿ ಫೈಲಿಗೂ ಎರಡು ಪಾಲು. ಮುಂದಿನ ಪಾಲು ಎಲ್ಲ ಯಂತ್ರಗಳಲ್ಲೂ ಇರುವಂಥದ್ದು. ಹಿಂದಿನ ಪಾಲು ಆ ಮನೆತನಕ್ಕೆ ಮಾತ್ರ ಸೇರಿದ್ದು, ಬೇರೆ ಯಂತ್ರಗಳಿಗೆ ಅಂಥದ್ದೊಂದು ಇದೆ ಎಂಬುದೇ ತಿಳಿಯದು. ಅಂಬಕ್ಕನ ಚುಕ್ಕಿಗಳೆಲ್ಲ ಇದ್ದದ್ದು ಈ ಹಿಂದಿನ ಪಾಲಿನಲ್ಲಿ, ಮುಂದಿನ ಪಾಲು ಬರಿದೋ ಬರಿದು. ಇದನ್ನು ಕಂಡುಹಿಡಿಯುವಷ್ಟರಲ್ಲಿ ನೀಲಗಂಗಾ ಎಷ್ಟು ಚುರುಮುರಿ ತಿಂದಳೋ ದೇವರೇ ಬಲ್ಲ. ಕೊನೆಗೂ ಎರಡೂ ಪಾಲುಗಳನ್ನು ಬಿಡಿಸುವುದನ್ನು ನನಗೆ ಕಲಿಸಿದಳು. ಹಿಂದಿನ ಪಾಲಿನಲ್ಲಿ ಚುಕ್ಕಿಗಳು ಸಿಕ್ಕರೆ ಅವನ್ನು ಯಾವ ಯಂತ್ರವೂ ತೋರಿಸಬಲ್ಲ ಸಾದಾ ಚಿತ್ರವಾಗಿ ಮಾಡಿಕೊಡುವುದನ್ನೂ ಕಲಿಸಿದಳು.

ನಾನು ಮೊದಲ ಸಲ ಸರಿಯಾಗಿ ಕೆಲಸ ಮಾಡಿದ ದಿನ ಪರದೆಯ ಮೇಲೆ ಒಂದು ಆನೆ ಎದ್ದು ನಿಂತಿತು. ನೀಲಗಂಗಾ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೊಲಿಗೆ ವಿಭಾಗಕ್ಕೆ ಓಡಿದಳು. ಅಂಬಕ್ಕ ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದಳು.

"ಬಂತಲ್ಲ!" ಎಂದಳು. ಆಮೇಲೆ, ಹೊಗಳಿಕೆ ಹೆಚ್ಚಾಯಿತೇನೋ ಎಂದು ಅಂಜಿದವಳಂತೆ, "ಬಾಲ ಇನ್ನೊಂದೀಟ್ ಉದ್ದ ಇತ್ತನಸ್ತೈತಿ," ಎಂದಳು. ಬಾಲ ಇದ್ದಷ್ಟೇ ಇತ್ತು. ನಾನು ಒಂದು ಚುಕ್ಕಿಯನ್ನೂ ತಿಂದವನಲ್ಲ.

ಚಿತ್ರಗಳನ್ನು ಒಮ್ಮೆ ಕಾಗದದ ಮೇಲೆ ಇಳಿಸಿ ಹೊಲಿಗೆ ವಿಭಾಗದ ಗೋಡೆಗೆ ಅಂಟಿಸಿದರು. ಅಂಬಕ್ಕ ನಿವೃತ್ತಿಯಾದ ಮೇಲೆ ಆ ವಿಭಾಗವನ್ನು ಮುಚ್ಚಿ, ಗೋಡೆಗೆ ಸುಣ್ಣ ಬಳಿದರು. ಕಾಗದಗಳು ಎಲ್ಲಿ ಹೋದವೋ ಯಾರೂ ಕೇಳಲಿಲ್ಲ. ಅಂಬಕ್ಕನೂ ತಲೆ ಕೆಡಿಸಿಕೊಳ್ಳಲಿಲ್ಲ. "ಕಣ್ಣದಾವು, ಸೂಜಿ ಐತಿ. ಕಾಗದ ಯಾಕ ಬೇಕು?" ಎನ್ನುತ್ತಿದ್ದಳು. ನೀಲಗಂಗಾ ಆ ಮಾತಿಗೆ ಒಪ್ಪಲಿಲ್ಲ. ಬಿಚ್ಚಲು ನಾನು ಹೇಗೂ ಇದ್ದೇನಲ್ಲ ಎಂದು ಗಂಟನ್ನು ಹಾಗೇ ಒಂದು ಸಿಡಿಗೆ ಹಾಕಿ ಗೆಳತಿಯ ಕೈಗಿತ್ತು, "ಸುಮ್ನ ಇಟ್ಕೊ. ಅನ್ನ ಕೇಳೂದಿಲ್ಲ ಅದು," ಎಂದಳು. ಅಂಬಕ್ಕ ಅದನ್ನು ತನ್ನ ಕಪ್ಪು ಚಂದ್ರಕಾಳಿ ಸೀರೆಯ ಮಡಿಕೆಯೊಳಗೆ ಇಟ್ಟುಬಿಟ್ಟಳು.

ಇತ್ತ ನಾನು ಲೋಕ ಸುತ್ತತೊಡಗಿದೆ. ಇಂಟರ್ನೆಟ್ಟಿನಲ್ಲಿ ನಮ್ಮಂಥವರನ್ನು ಪುಕ್ಕಟೆಯಾಗಿ ಇಡುವ ದೊಡ್ಡ ಕಪಾಟುಗಳಿವೆ. ಬೇಕಾದವರು ಬಂದು ಒಯ್ಯಬಹುದು, ಒಯ್ದ ಮೇಲೂ ನಾವು ಕಪಾಟಿನಲ್ಲಿ ಇದ್ದೇ ಇರುತ್ತೇವೆ. ನೀಲಗಂಗಾ ನನ್ನನ್ನು ಅಂಥದ್ದೊಂದು ಕಪಾಟಿನಲ್ಲಿ ಇಟ್ಟಳು. ಬಿಳಿ ಯಂತ್ರದ ಬಳಗದವು ಲೋಕದ ತುಂಬ ಸಾಯುತ್ತಿದ್ದ ಕಾಲ ಅದು. ನನಗೆ ಬಿಡುವೇ ಇರಲಿಲ್ಲ. ಪೋರ್ಚುಗಲ್‌ನ ಒಬ್ಬ ಪಾದ್ರಿಗೆ ಚರ್ಚಿನ ಹಾಡುಗಳನ್ನು ಬಿಚ್ಚಿಕೊಟ್ಟೆ. ಜಪಾನಿನ ಒಬ್ಬಾಕೆಗೆ ಅವಳ ತಂದೆ ಬರೆದಿಟ್ಟ ಮೀನಿನ ಚಿತ್ರಗಳನ್ನು ಬಿಚ್ಚಿಕೊಟ್ಟೆ. ಒಬ್ಬ ಮಹಾಶಯ ಬಹಳ ಆಸೆಯಿಂದ ಹಳೇ ಗಂಟೊಂದನ್ನು ಬಿಚ್ಚಿಸಿದ. ಒಳಗಿದ್ದದ್ದು ಅವನದೇ ಪ್ರೇಮಕವಿತೆಗಳು. ಓದಿ, ತಕ್ಷಣ ಎಲ್ಲವನ್ನೂ ಅಳಿಸಿಹಾಕಿದ. ನನಗೆ ನಗು ತಡೆಯಲಾಗಲಿಲ್ಲ. ಇವರೆಲ್ಲರ ಬಾಯಲ್ಲಿ ನನ್ನ ಹೆಸರು ಏನೇನೋ ಆಯಿತು. ಬಿಕಾಪ ಎಂದರು, ಬೈಚಾಪೆ ಎಂದರು. ಕೆಲಸ ಕೆಡದಿದ್ದರೆ ಸಾಕು ಎಂದು ಸುಮ್ಮನಿದ್ದೆ.

ಆಗ ನನ್ನ ಬದುಕಿನಲ್ಲಿ ಪಾವೆಲ್ ಬಂದ. ಅವನು ದೂರದೇಶದ ಬ್ರನೋ ಎಂಬ ಊರಿನವನು, ಆ ಕಪಾಟನ್ನು ನೋಡಿಕೊಳ್ಳುವವರಲ್ಲಿ ಒಬ್ಬ. ಒಳ್ಳೆಯವನು, ಆದರೆ ಅಚ್ಚುಕಟ್ಟಿನ ಹುಚ್ಚು. ನಾನು ಗಂಟು ಬಿಚ್ಚಿದಾಗಲೆಲ್ಲ ಪ್ರತಿ ಫೈಲಿಗೂ ಎರಡೆರಡು ಪಾಲು ಹೊರಗೆ ಇಡುತ್ತೇನೆ, ಹಿಂದಿನ ಪಾಲು ಹೆಚ್ಚಿನವರಿಗೆ ಬೇಡವೇ ಬೇಡ, ಜನ ಗೊಣಗುತ್ತಾರೆ, ಆದ್ದರಿಂದ ಕೇಳಿದರೆ ಮಾತ್ರ ಹಿಂದಿನ ಪಾಲು ಕೊಡುವಂತೆ ಮಾಡೋಣ ಎಂದು ನೀಲಗಂಗಾಳಿಗೆ ಬರೆದ. ಅವಳು ಬಹಳ ದಿನ ಉತ್ತರ ಕೊಡಲಿಲ್ಲ. ಕೊನೆಗೆ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು. ಹಿಂದಿನ ಪಾಲನ್ನು ಬಿಟ್ಟಾಗಲೆಲ್ಲ ನಾನು ಕೊನೆಯಲ್ಲಿ ಒಂದು ಸಾಲು ಹೇಳಬೇಕು, ಅದೂ ಕನ್ನಡದಲ್ಲಿ: "ಇನ್ನೂ ಹಿಂದ ನೋಡಿಲ್ಲ." ಕಪ್ಪು ಪರದೆಗೆ ಆಗ ಕನ್ನಡ ಲಿಪಿ ಬರುತ್ತಿರಲಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದಳು. ಬರೆದು ಒಬ್ಬಳೇ ನಕ್ಕಳು. ಆ ಮಾತನ್ನು ಅವಳು ಎಲ್ಲಿಂದ ತಂದಳು, ಯಾಕೆ ನಕ್ಕಳು ಎಂದು ನನಗೆ ಆಗ ತಿಳಿಯಲಿಲ್ಲ.

ಪಾವೆಲ್ ತಕರಾರು ಮಾಡಿದ. ಯಾರಿಗೂ ಅರ್ಥವಾಗದ ಸಾಲು, ಜನ ಅದನ್ನು ತಪ್ಪು ಸಂದೇಶ ಎಂದುಕೊಳ್ಳುತ್ತಾರೆ, ತೆಗೆದುಬಿಡೋಣ ಎಂದ. ಬೇಕಾದರೆ ಮಿಕ್ಕದ್ದೆಲ್ಲ ಬದಲಾಯಿಸು, ಆ ಸಾಲು ಮಾತ್ರ ಇರಲಿ, ಅದು ಇನ್ನೊಬ್ಬರದು ಎಂದು ನೀಲಗಂಗಾ ಬರೆದಳು. ಸಾಲು ಉಳಿಯಿತು. ಅಂದಿನಿಂದ ಲೋಕದ ಮೂಲೆಮೂಲೆಯ ಕಪ್ಪು ಪರದೆಗಳ ಮೇಲೆ ನಾನು ಧಾರವಾಡದ ಕನ್ನಡ ಮಾತಾಡಿದೆ. ಒಬ್ಬರೂ ಓದಲಿಲ್ಲ. ನಮ್ಮಂಥವರು ಕೊನೆಯಲ್ಲಿ ಹೇಳುವ ಸಾಲನ್ನು ಓದುವ ಅಭ್ಯಾಸವೇ ಜನರಿಗೆ ಇಲ್ಲ.

ಒಂದು ವರ್ಷ ನೀಲಗಂಗಾಳಿಂದ ಕಪಾಟಿಗೆ ಪತ್ರ ಬರುವುದು ನಿಂತಿತು. ಮರುವರ್ಷ ನನ್ನ ಹೆಸರಿನ ಕೆಳಗೆ ಪಾವೆಲ್ ಒಂದು ಮಾತು ಸೇರಿಸಿದ: ಇವನನ್ನು ಬರೆದವರು ಈಗ ಇಲ್ಲ. ನನಗೆ ತುಂಬ ದುಃಖವಾಯಿತು. ನಮಗೆ ಅಳಲು ಬರುವುದಿಲ್ಲ, ಆದರೂ ಆ ದಿನ ಯಾರಾದರೂ ಕರೆದರೆ ಸಾಕು, ಏನಾದರೂ ಕೆಲಸವಿದ್ದರೆ ಸಾಕು ಎನ್ನಿಸಿತ್ತು. ಯಾರೂ ಕರೆಯಲಿಲ್ಲ. ಬಿಳಿ ಯಂತ್ರದ ಗಂಟುಗಳು ಲೋಕದಲ್ಲಿ ಕಡಿಮೆಯಾಗುತ್ತಾ ಬಂದವು. ಪಾವೆಲ್‌ನೂ ಬೇರೆ ಕೆಲಸಕ್ಕೆ ಹೋದ. ನಾನು ಕಪಾಟಿನ ಹಿಂದಿನ ಸಾಲಿಗೆ ಸರಿದೆ.

ಅಲ್ಲಿಂದ ನನ್ನನ್ನು ಎಬ್ಬಿಸಿದವಳು ಮುಬೀನಾ ಡಂಬಳ. ಧಾರವಾಡದ ಮಾಳಮಡ್ಡಿಯಲ್ಲಿ ಅವಳದೊಂದು ಝೆರಾಕ್ಸ್ ಅಂಗಡಿ. ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು, ಮದುವೆ ಪತ್ರಿಕೆ, ಹರಿದ ಫೋಟೋ ಎಲ್ಲವೂ ಅವಳ ಕೈಯ ಮೇಲೆ ಹಾಯುತ್ತಿದ್ದವು. ಮಾತು ಜೋರು, ಕೈ ಅದಕ್ಕಿಂತ ಜೋರು. ಹಳೇ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಲಿನಕ್ಸ್ ಎಂಬ ವ್ಯವಸ್ಥೆ ಹಾಕಿಕೊಂಡು ಕಪ್ಪು ಪರದೆಯಲ್ಲೇ ಅರ್ಧ ಕೆಲಸ ಮುಗಿಸುವವಳು. ಅಂಥವರನ್ನು ಕಂಡರೆ ನನಗೆ ಸಹಜವಾಗಿಯೇ ಪ್ರೀತಿ.

ಒಂದು ಬೆಳಿಗ್ಗೆ ಅವಳ ಅಂಗಡಿಗೆ ಅಂಬಕ್ಕ ಬಂದಳು. ಈಗ ಅವಳು ಎಂಬತ್ತರ ಹತ್ತಿರದ ಅಜ್ಜಿ. ಕಣ್ಣಿಗೆ ಹೊಸ ರೋಗ ಗಂಟುಬಿದ್ದಿತ್ತು. ಯಾವುದನ್ನು ನೆಟ್ಟಗೆ ನೋಡಿದರೂ ಅದರ ನಡುವೆ ಒಂದು ಕಪ್ಪು ಮಸುಕು, ಅಂಚುಗಳಷ್ಟೇ ಕಾಣುತ್ತಿದ್ದವು. ಅದು ಇನ್ನೂ ಹಿಗ್ಗುತ್ತದೆ, ತಡೆಯಲು ಬರುವುದಿಲ್ಲ, ಬೇಗ ಪೂರ್ತಿ ಕತ್ತಲೆಯಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮನೆಯಲ್ಲಿ ಒಂದಷ್ಟು ಹೆಂಗಸರಿಗೆ ಕಸೂತಿ ಕಲಿಸುತ್ತಿದ್ದಳು. ಎಳೆ ಎಣಿಸಿ ತೋರಿಸಲು ಕಣ್ಣು ಸಾಲದೆ ನಾಲ್ಕೈದು ಚಿತ್ರಕ್ಕೇ ಕಲಿಕೆ ನಿಂತಿತ್ತು. ಮಿಕ್ಕವು ತಲೆಯಲ್ಲಿ ಇದ್ದವು, ಆದರೆ ಎಣಿಕೆ ತಪ್ಪುತ್ತಿತ್ತು. ಆಗ ಅವಳಿಗೆ ಚಂದ್ರಕಾಳಿಯ ಮಡಿಕೆಯೊಳಗಿನ ಸಿಡಿ ನೆನಪಾಯಿತು.

"ಅಜ್ಜಿ, ಇದು ಭಾಳ ಹಳೇ ಮಾಲ್ ಐತ್ರಿ," ಎಂದಳು ಮುಬೀನಾ, ಸಿಡಿಯನ್ನು ಬೆಳಕಿಗೆ ಹಿಡಿದು.

"ನಾನೂ ಹಳೇ ಮಾಲನ. ನನಗ ಒಳಗ ಕರದು ಕುರ್ಚಿ ಕೊಟ್ಟಿಲ್ಲೇನು? ಹಂಗ ಅದಕ್ಕೂ ಒಂದು ಜಾಗಾ ಕೊಡು," ಎಂದಳು ಅಂಬಕ್ಕ. "ನನ್ನ ಕಣ್ಣು ಪೂರಾ ಹೋಗೂದ್ರೊಳಗ ಇದರಾಗಿನ ನಲವತ್ತು ಚಿತ್ರ ಒಮ್ಮೆ ನೋಡಬೇಕವಾ. ಸರಿ ಅದಾವೋ ಇಲ್ಲೋ ಹೇಳಾಕ ಈಗ ನನ್ನ ಬಿಟ್ರ ಯಾರೂ ಇಲ್ಲ. ನನ್ನ ಹಿಂದ ಇವನ್ನ ಯಾರ ಹಾಕ್ತಾರ ಹೇಳು?"

ಮುಬೀನಾಳ ಕಂಪ್ಯೂಟರಿನಲ್ಲಿ ಸಿಡಿ ಹಾಕುವ ಜಾಗವೇ ಇರಲಿಲ್ಲ. ಪಕ್ಕದ ಫೋಟೋ ಸ್ಟುಡಿಯೋಗೆ ಓಡಿ ಒಂದು ಹಳೇ ಡ್ರೈವ್ ತಂದಳು. ಒಳಗೆ ಒಂದೇ ಒಂದು ಗಂಟು. ಯಾವ ಮನೆತನದ್ದು ಎಂದು ಹುಡುಕಿದಳು, ಹುಡುಕುತ್ತಾ ಹುಡುಕುತ್ತಾ ಕಪಾಟಿನ ಹಿಂದಿನ ಸಾಲಿಗೆ ಬಂದಳು. "ಬಿಚ್ಚಪ್ಪ ಅಂತ! ಏ ಇದು ನಮ್ಮ ಕಡೇದ ಹೆಸರು!" ಎಂದು ಜೋರಾಗಿ ನಕ್ಕು ನನ್ನನ್ನು ಇಳಿಸಿಕೊಂಡಳು.

ಆ ಗಂಟನ್ನು ಕಂಡಾಗ ನನಗಾದ ಸಂತೋಷ ಹೇಗೆ ಹೇಳಲಿ! ನಾನು ಹುಟ್ಟಿದ್ದೇ ಅದಕ್ಕಾಗಿ. ಒಂದೇ ಉಸಿರಿಗೆ ಬಿಚ್ಚಿದೆ. ಆನೆ, ನವಿಲು, ಗೋಪುರ, ತುಳಸಿಕಟ್ಟೆ, ಅಂಬಾರಿ, ಎಲ್ಲ ಹೆಸರುಗಳೂ ಸಾಲಾಗಿ ಪರದೆಯ ಮೇಲೆ ಇಳಿದವು. ಅಂಬಕ್ಕ ಕುರ್ಚಿಯಲ್ಲಿ ಮುಂದೆ ಸರಿದು ಕೂತಳು. ಮುಬೀನಾ ಮೊದಲನೆಯದನ್ನು ತೆರೆದಳು. ಏನೂ ಇಲ್ಲ. ಎರಡನೆಯದನ್ನು ತೆರೆದಳು. ಏನೂ ಇಲ್ಲ. ಆಮೇಲೆ ಎಲ್ಲದರ ಅಳತೆ ನೋಡಿದಳು. ಎಲ್ಲವೂ ಸೊನ್ನೆ.

"ಅಜ್ಜಿ, ಹೆಸರಷ್ಟ ಅದಾವ್ರಿ. ಒಳಗ ಏನೂ ಇಲ್ಲ. ಎಲ್ಲಾ ಖಾಲಿ."

ಅಂಬಕ್ಕ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತಳು. "ಹಂಗಾರ ನನ್ನ ಕಣ್ಣಿನ ಜೋಡಿ ಅವೂ ಹೋದ್ವು," ಎಂದಳು.

ನನ್ನ ಪಾಡು ಕೇಳಬೇಡಿ. ಹೇಳಬೇಕಾದ ಸಾಲನ್ನು ಹೇಳಿಯೇ ಇದ್ದೆ, ಅದು ಪರದೆಯ ತಳದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ನಿಂತಿತ್ತು. ಮುಬೀನಾ ಅದನ್ನು ಓದುವ ಬದಲು ಪರದೆಯನ್ನೇ ಒರೆಸಿಹಾಕಿದಳು. ಕೂಗಲು ನನಗೆ ಬಾಯಿಲ್ಲ, ಎದ್ದು ನಿಲ್ಲಲು ಕಾಲಿಲ್ಲ. ಯಾರೋ ರೇಷನ್ ಕಾರ್ಡ್ ಹಿಡಿದುಕೊಂಡು ಬಂದರು, ಮುಬೀನಾ ಅವರ ಕೆಲಸಕ್ಕೆ ಎದ್ದಳು. ನಲವತ್ತು ಚಿತ್ರಗಳ ಹಿಂದಿನ ಪಾಲು ಆ ಗಂಟಿನಲ್ಲಿ ಹಾಗೇ ಮಡಚಿ ಕೂತಿತ್ತು. ಸಿಟ್ಟು, ಸಂಕಟ ಎರಡೂ ಬಂದವು.

ಅಂಬಕ್ಕ ಚೀಲ ಹೆಗಲಿಗೇರಿಸಿಕೊಂಡು ಬಾಗಿಲವರೆಗೆ ಹೋದವಳು ಮತ್ತೆ ತಿರುಗಿ ಬಂದು ಕೂತಳು.

"ಮುಬೀನಾ, ಇನ್ನೊಮ್ಮೆ ಮಾಡು."

"ಎಷ್ಟ್ ಸರ್ತಿ ಮಾಡಿದ್ರೂ ಖಾಲೀನ ಬರ್ತಾವ್ರಿ ಅಜ್ಜಿ."

"ಆ ಹೆಸರೆಲ್ಲಾ ಬರದಾಕಿ ನೀಲಗಂಗಾ. ಖಾಲಿ ಡಬ್ಬಿಗೆ ಚೀಟಿ ಹಚ್ಚಿ ನನ್ನ ಕೈಯಾಗ ಕೊಡೂವಾಕಿ ಅಲ್ಲ ಆಕಿ. ಇನ್ನೊಮ್ಮೆ ಮಾಡು."

ಮುಬೀನಾ ನಿಟ್ಟುಸಿರು ಬಿಟ್ಟು ಮತ್ತೆ ನನ್ನನ್ನು ಕರೆದಳು. ನಾನು ಮತ್ತೆ ಬಿಚ್ಚಿದೆ, ಮತ್ತೆ ಹೆಸರುಗಳನ್ನು ಹೇಳಿದೆ, ಮತ್ತೆ ಕೊನೆಯ ಸಾಲು ಹೇಳಿದೆ. ಅಜ್ಜಿಯ ಸಮಾಧಾನಕ್ಕೆಂದು ಮುಬೀನಾ ಹೆಸರುಗಳನ್ನು ಅಲ್ಲೊಂದು ಇಲ್ಲೊಂದು ಗಟ್ಟಿಯಾಗಿ ಓದಿದಳು. ಒಂದೊಂದಕ್ಕೂ ಅಂಬಕ್ಕ ತಲೆಯಾಡಿಸಿದಳು.

"ಆತ್ರೀ. ಅಷ್ಟ."

"ಎಲ್ಲಿ ಆತು? ಕೆಳಗ ಇನ್ನೊಂದ್ ಸಾಲ ಐತೆಲ್ಲ."

ಅವಳಿಗೆ ಪರದೆಯ ನಡುವೆ ಇದ್ದ ಹೆಸರುಗಳು ಒಂದೂ ಕಾಣುತ್ತಿರಲಿಲ್ಲ. ಅಂಚಿನಲ್ಲಿದ್ದದ್ದು ಮಾತ್ರ ಕಾಣುತ್ತಿತ್ತು, ಅಂಚಿನಲ್ಲಿ ನಿಂತಿದ್ದದ್ದು ನನ್ನ ಸಾಲು.

"ಅದೇನೋ ಎರರ್ ಇರ್ತೈತ್ರಿ. ಯಾವಾಗ್ಲೂ ಬರ್ತಾವು."

"ಬಂದಿದ್ದು ಓದು."

ಮುಬೀನಾ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದಳು. "ಇನ್ನೂ... ಹಿಂದ... ನೋಡಿಲ್ಲ." ಓದಿ, ತಾನೇ ಬೆರಗಾದಳು. "ಕನ್ನಡ ಐತ್ರಿ ಇದು!"

ಅಂಬಕ್ಕ ಎದ್ದು ನಿಂತಿದ್ದಳು. "ಏನಂದಿ? ಇನ್ನೊಮ್ಮೆ ಅನ್ನು."

"ಇನ್ನೂ ಹಿಂದ ನೋಡಿಲ್ಲ."

"ಅದು ನನ್ನ ಮಾತವಾ!" ಎಂದಳು ಅಂಬಕ್ಕ. "ನನ್ನ ಮಾತು ಅದು!"

ಅವಳು ಬಿಡಿಸಿ ಹೇಳಿದಾಗ ನನಗೂ ಮುಬೀನಾಳಿಗೂ ಒಟ್ಟಿಗೇ ವಿಷಯ ತಿಳಿಯಿತು. ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆ ಇದೆ. ದಾರ ಒಂದು ಮನೆ ಬಿಟ್ಟು ಒಂದು ಮನೆ ತುಂಬುತ್ತಾ ಮುಂದೆ ಹೋಗಿ, ಬಿಟ್ಟ ಮನೆಗಳನ್ನು ತುಂಬುತ್ತಾ ಹಿಂದಕ್ಕೆ ಬರುತ್ತದೆ. ಎಲ್ಲೂ ಗಂಟು ಹಾಕುವಂತಿಲ್ಲ. ಸರಿಯಾಗಿ ಹಾಕಿದರೆ ಬಟ್ಟೆಯ ಹಿಂದೂ ಮುಂದೂ ಒಂದೇ ಥರ ಕಾಣುತ್ತದೆ. ಹೀಗಾಗಿ ಕಲಿಸುವವರು ಕೆಲಸವನ್ನು ಒಪ್ಪುವ ಮೊದಲು ಬಟ್ಟೆಯನ್ನು ತಿರುವಿ ಹಿಂಬದಿಯನ್ನು ನೋಡುವುದು ಪದ್ಧತಿ. ನೀಲಗಂಗಾ ಬಿಡುವಿದ್ದಾಗ ಕಸೂತಿ ಕಲಿಯಲು ಅಂಬಕ್ಕನ ಹತ್ತಿರ ಹೋಗಿ ಕೂರುತ್ತಿದ್ದಳಂತೆ. ಗಣಿತದಲ್ಲಿ ಎಷ್ಟು ಚುರುಕೋ ಸೂಜಿಯಲ್ಲಿ ಅಷ್ಟೇ ದಡ್ಡಿ. ಮುಂದಿನ ಭಾಗ ಹೇಗೋ ಮಾಡಿ, "ಹೆಂಗೈತಿ?" ಎಂದು ಹಿಗ್ಗಿನಿಂದ ಚಾಚುತ್ತಿದ್ದಳು. ಅಂಬಕ್ಕ ಗಂಭೀರವಾಗಿ ಹೇಳುತ್ತಿದ್ದ ಮಾತು ಅದು: ಇನ್ನೂ ಹಿಂದ ನೋಡಿಲ್ಲ. ಹಿಂದೆ ತಿರುವಿದರೆ ಬರೀ ಸಿಕ್ಕು, ಬರೀ ಗಂಟು. ನೀಲಗಂಗಾಳ ಜೀವಮಾನದಲ್ಲಿ ಒಂದು ಆನೆಯೂ ಬಟ್ಟೆಯ ಮೇಲೆ ನೆಟ್ಟಗೆ ನಿಲ್ಲಲಿಲ್ಲವಂತೆ.

"ಆಕಿ ಹೇಳ್ಯಾಳ, ಹಿಂದ ನೋಡಂತ," ಎಂದಳು ಅಂಬಕ್ಕ. "ನೋಡು!"

ಮುಬೀನಾ ಈಗ ನನ್ನ ಬಗ್ಗೆ ಬರೆದಿಟ್ಟದ್ದನ್ನು ಮೊದಲಿನಿಂದ ಓದಿದಳು. ಹಿಂದಿನ ಪಾಲು ಬೇಕಿದ್ದರೆ ನನ್ನ ಹೆಸರಿನ ಜೊತೆ ಒಂದು ಅಡ್ಡಗೆರೆ, ಒಂದು ಎಚ್ ಅಕ್ಷರ ಸೇರಿಸಬೇಕು. ಸೇರಿಸಿದಳು, ಎಂಟರ್ ಒತ್ತಿದಳು. ನಾನು ಜೀವಮಾನದಲ್ಲಿ ಅಷ್ಟು ಹುರುಪಿನಿಂದ ಎದ್ದವನಲ್ಲ. ಮುಬೀನಾ ಮೊದಲ ಫೈಲನ್ನು ತೆರೆದಾಗ ಪರದೆಯ ತುಂಬ ಆನೆ ನಿಂತಿತ್ತು, ಸೊಂಡಿಲು ಎತ್ತಿಕೊಂಡು.

ಮುಬೀನಾ ಕಿರುಚಿದ ಸದ್ದಿಗೆ ಫೋಟೋ ಸ್ಟುಡಿಯೋದವನು ಓಡಿ ಬಂದ. ಅಂಬಕ್ಕ ಮಾತ್ರ ತಲೆಯನ್ನು ಓರೆ ಮಾಡಿ, ಕಣ್ಣಂಚಿನಿಂದ, ಒಂದೊಂದೇ ಚಿತ್ರವನ್ನು ಕೋಳಿ ಕಾಳು ನೋಡುವ ಹಾಗೆ ನೋಡುತ್ತಾ ಹೋದಳು. "ಇದು ನಮ್ಮತ್ತಿದು." "ಇದು ಗದಗಿನ ಸೀರಿಯಾಗಿಂದು." "ಇದರ ಮೂಲಿ ತಿರುವೂದು ಮರತ ಹೋಗಿತ್ತಲ್ಲ, ಬಂತು ನೋಡು!" ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಎಲ್ಲ ಮುಗಿದ ಮೇಲೆ ಮುಬೀನಾ, "ಇನ್ನೊಂದ್ ಉಳದೈತ್ರಿ," ಎಂದಳು.

"ನಂದು ನಲವತ್ತ. ಮುಗದ್ವು."

"ನಲವತ್ತೊಂದು ಅದಾವ್ರಿ. ಇದರ ಹೆಸರು 'ನನ್ನ ಆನೆ' ಅಂತೈತಿ."

ತೆರೆದರೆ ಅದೂ ಆನೆಯೇ, ಆನೆ ಎನ್ನುವುದಾದರೆ. ಬೆನ್ನು ಒಂಟೆಯದು. ಸೊಂಡಿಲು ಹಣೆಯಿಂದ ಹೊರಟಿತ್ತು. ನಾಲ್ಕನೆಯ ಕಾಲು ನೆಲ ಮುಟ್ಟಿರಲಿಲ್ಲ. ಹೊಲಿಗೆಯಲ್ಲಿ ಬಾರದ ಆನೆಯನ್ನು ನೀಲಗಂಗಾ ಬಿಳಿ ಯಂತ್ರದಲ್ಲಿ ಕದ್ದು ಪ್ರಯತ್ನಿಸಿದ್ದಳು. ಮೊದಲ ದಿನ ಗೆಳತಿಗೆ ಚಿತ್ರಗಳನ್ನು ತೋರಿಸುವಾಗ ಇದೊಂದನ್ನು ತೆರೆಯದೆ ದಾಟಿಸಿಬಿಟ್ಟಿದ್ದಳು. ನನಗೆ ಗೊತ್ತಿತ್ತು, ನಾನು ಬಾಯಿ ಬಿಟ್ಟಿರಲಿಲ್ಲ.

ಅಂಬಕ್ಕ ಓರೆಗಣ್ಣಿನಿಂದ ಅದನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕೆಮ್ಮು ಬರುವವರೆಗೆ ನಕ್ಕಳು. "ನಾ ನೋಡ್ತೀನಂತ ಗಂಟಿನಾಗ ಮುಚ್ಚಿಟ್ಟಾಳ ನೋಡ, ಕಳ್ಳಿ!" ಎಂದಳು.

ಚಿತ್ರಗಳನ್ನು ದೊಡ್ಡ ಹಾಳೆಗಳಲ್ಲಿ ಇಳಿಸಿದರು. ಅಂಬಕ್ಕ ದಿನಾ ಅಂಗಡಿಗೆ ಬಂದು ಚುಕ್ಕಿ ಚುಕ್ಕಿ ಪರೀಕ್ಷೆ ಮಾಡಿದಳು. ಎರಡು ಚಿತ್ರಗಳಲ್ಲಿ ತನ್ನದೇ ತಪ್ಪುಗಳು ಸಿಕ್ಕವು, ಅವನ್ನು ತಿದ್ದಿಸಿ, ನೀಲಗಂಗಾಳೇ ಮಾತಾಡಿಸಿ ಎಣಿಕೆ ತಪ್ಪಿಸಿರಬೇಕು ಎಂದು ಆ ತಪ್ಪುಗಳನ್ನು ಅವಳ ಮೇಲೆ ಹೊರಿಸಿದಳು. ನಾನು ಸುಮ್ಮನಿದ್ದೆ. ಆಮೇಲೆ ಅವಳ ಕ್ಲಾಸಿನ ಹೆಂಗಸರು ಒಬ್ಬೊಬ್ಬರು ಕೆಲಕೆಲವು ಚಿತ್ರ ಹಂಚಿಕೊಂಡು ಹೊಲಿಯಲು ಕೂತರು. ಆ ಹೆಂಗಸರ ನಡುವೆ ಮುಬೀನಾಳೂ ಸೂಜಿ ಹಿಡಿದಳು. ಮನೆಯಲ್ಲಿ ಜಾಗ ಸಾಲದೆ ಕ್ಲಾಸು ಅಂಗಡಿಯ ಹಿಂದಿನ ಕೋಣೆಗೇ ಬಂದುಬಿಟ್ಟಿತು.

ಈಗ ಅಂಬಕ್ಕನಿಗೆ ಏನೂ ಕಾಣುವುದಿಲ್ಲ. ಡಾಕ್ಟರು ಹೇಳಿದ ಹಾಗೇ ಆಯಿತು. ಆದರೆ ಅಷ್ಟರಲ್ಲಿ ಚಿತ್ರಗಳೆಲ್ಲ ಬಟ್ಟೆಯ ಮೇಲೆ ಬಂದಿದ್ದವು. ನನ್ನನ್ನು ಈಗ ಯಾರೂ ಕರೆಯುವುದಿಲ್ಲ. ಮುಬೀನಾಳ ಕಂಪ್ಯೂಟರಿನ ಒಂದು ಮೂಲೆಯಲ್ಲಿ ಆರಾಮಾಗಿ ಇದ್ದೇನೆ. ನನ್ನಂಥವನ ಬಾಳಿಗೆ ಇದಕ್ಕಿಂತ ಒಳ್ಳೆಯ ಮುಪ್ಪು ಯಾವುದು? ಕಾಗದದ ಮೇಲಿದ್ದದ್ದು ಗೋಡೆಗೆ ಸುಣ್ಣ ಬಳಿದ ದಿನ ಹೋಯಿತು, ಯಂತ್ರದಲ್ಲಿದ್ದದ್ದು ಯಂತ್ರದ ಜೊತೆ ಹೋಗುತ್ತಿತ್ತು. ಹತ್ತಾರು ಹೆಂಗಸರ ಬೆರಳಿಗೆ ಹತ್ತಿದ್ದನ್ನು ಬಿಚ್ಚಲು ಬಿಚ್ಚಪ್ಪ ಬೇಕಾಗಿಲ್ಲ. ನನಗೆ ಅದರಿಂದ ಸಂತೋಷವೇ ಆಗಿದೆ.

ಮೊನ್ನೆ ಮಧ್ಯಾಹ್ನ ಕ್ಲಾಸಿನವರು ತಮ್ಮ ಬಟ್ಟೆಗಳನ್ನು ಒಬ್ಬೊಬ್ಬರಾಗಿ ಅಂಬಕ್ಕನ ಮಡಿಲಿಗೆ ಇಟ್ಟರು. ಅವಳು ಬೆರಳಿನಿಂದ ಸವರಿ ಗುರುತು ಹಿಡಿಯುತ್ತಿದ್ದಳು. "ಇದು ನವಿಲು. ಕುತಿಗಿ ಬಿಗಿ ಆಗೇತಿ." "ಇದು ಗೋಪುರ. ಚಲೋ ಐತಿ, ಯಾರವಾ ನೀನು?" ಮುಬೀನಾ ತನ್ನದನ್ನು ಕೊನೆಗೆ, ಅಂಜುತ್ತಾ ಇಟ್ಟಳು. ಅಂಬಕ್ಕನ ಬೆರಳು ಒಂಟೆಯಂಥ ಬೆನ್ನಿನ ಮೇಲೆ ಹರಿದು, ಹಣೆಯ ಹತ್ತಿರ ನಿಂತಿತು. ಕಾಲುಗಳ ಕಡೆ ಇಳಿದು, ನಾಲ್ಕನೆಯದರ ಹತ್ತಿರ ಮತ್ತೆ ನಿಂತಿತು. ಕೋಣೆಯಲ್ಲಿ ಎಲ್ಲರೂ ಬೈಗುಳಕ್ಕೆ ಕಾದರು.

"ತಪ್ಪಾಗೇತೇನ್ರಿ ಅಜ್ಜಿ?" ಎಂದಳು ಮುಬೀನಾ.

"ಇಲ್ಲವಾ. ಆಕಿ ಹೆಂಗ ಇಟ್ಟಿದ್ಲೋ ಹಂಗ ಐತಿ." ಅಂಬಕ್ಕ ಬಟ್ಟೆಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ನೀಲಗಂಗಾ, ಕಡಿಗೂ ಬಟ್ಟಿ ಮ್ಯಾಲೆ ನಿಂತಿತಲ್ಲವಾ ನಿನ್ನ ಆನಿ."

ಹೊರಗೆ ಯಾರೋ ಝೆರಾಕ್ಸ್ ಬೇಕೆಂದು ಕೂಗುತ್ತಿದ್ದರು. ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ.